ಗಿಡ ಸೊರಗಿತೆಂದು ದೀಪ ಬದಲಿಸಬೇಡಿ

ಅಕ್ವೇರಿಯಂನಲ್ಲಿ ಗಿಡ ಬೆಳೆಸುವವರ ನಡುವೆ ಒಂದು ಮಾತು ಯಾರೂ ಪ್ರಶ್ನಿಸದೆ ಚಾಲ್ತಿಯಲ್ಲಿದೆ: ಸುಲಭದ ಗಿಡಕ್ಕೆ ಸಾಧಾರಣ ದೀಪ ಸಾಕು, ಕಷ್ಟದ ಗಿಡಕ್ಕೆ ಜೋರು ದೀಪ ಬೇಕು. ಅಂಗಡಿಯವರು ಇದನ್ನೇ ಹೇಳುತ್ತಾರೆ. ಹವ್ಯಾಸದಲ್ಲಿ ಹಳಬರೆನಿಸಿಕೊಂಡವರೂ ಇದನ್ನೇ ಹೇಳುತ್ತಾರೆ. ಕೆಂಪು ಗಿಡ ಬಣ್ಣಗೆಟ್ಟರೆ ದೀಪ ಸಾಲದು, ನೆಲಕ್ಕೆ ಹಾಸಿಕೊಳ್ಳಬೇಕಾದ ಗಿಡ ಮೇಲಕ್ಕೆದ್ದರೆ ದೀಪ ಸಾಲದು, ಎಲೆ ಹಳದಿಯಾದರೆ ಆಗಲೂ ದೀಪವೇ ಸಾಲದು. ಈ ಮಾತು ಬುಡದಲ್ಲೇ ತಪ್ಪು ಎಂಬುದು ನನ್ನ ವಾದ. ಹೊಸದಾಗಿ ಗಿಡ ಹಾಕಿದ ಎಷ್ಟೋ ಜನ ಒಂದೇ ವರ್ಷದಲ್ಲಿ ತೊಟ್ಟಿ ಖಾಲಿ ಮಾಡಿ ಅಟ್ಟಕ್ಕೆ ಏರಿಸುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ.

ಈ ಮಾತನ್ನು ನಂಬಿದವರ ತೊಟ್ಟಿಯಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ಹೊಸ ದೀಪ ಬಂದ ಮೊದಲ ವಾರ ಎಲ್ಲವೂ ಚೆಂದ. ರೊಟಾಲಾ ಮ್ಯಾಕ್ರಾಂಡ್ರಾ ಎಂಬ ಕೆಂಪು ಗಿಡದ ತುದಿ ಕೆಂಪೇರುತ್ತದೆ, ಮನೆಯವರೆಲ್ಲ ಬಂದು ನೋಡುತ್ತಾರೆ. ಆಮೇಲೆ ತುದಿಯ ಎಲೆಗಳು ಒಂದಕ್ಕಿಂತ ಒಂದು ಚಿಕ್ಕದಾಗಿ, ಸುರುಟಿಕೊಂಡು ಹುಟ್ಟತೊಡಗುತ್ತವೆ. ಕಾಂಡದ ಕೆಳಭಾಗ ಬಣ್ಣ ಕಳೆದುಕೊಂಡು ಪಾರದರ್ಶಕವಾಗುತ್ತದೆ, ಇಕ್ಕಳದಲ್ಲಿ ಮುಟ್ಟಿದರೆ ಲೋಳೆಯಾಗಿ ಕಳಚಿ ಬರುತ್ತದೆ. ಗಾಜಿನ ಮೇಲೆ ಗಟ್ಟಿಯಾದ ಸಣ್ಣ ಹಸಿರು ಚುಕ್ಕೆಗಳು ಮೂಡುತ್ತವೆ. ಸ್ಪಂಜಿನಿಂದ ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ಬ್ಲೇಡಿನಿಂದಲೇ ಕೆರೆಯಬೇಕು. ಕಲ್ಲಿನ ಅಂಚಿಗೆ, ಹಳೆಯ ಎಲೆಗಳ ಅಂಚಿಗೆ ಕಪ್ಪು ಕುಚ್ಚಿನ ಪಾಚಿ ಹಿಡಿಯುತ್ತದೆ. ಆಗ ಮತ್ತೆ ಅಂಗಡಿಗೆ ಹೋದರೆ ಸಿಗುವ ಸಲಹೆ: "ಸರ್, ಇದು ಬೇರೆ ಲೆವೆಲ್ ಗಿಡ. ಇನ್ನೊಂದು ಲೈಟ್ ಸೇರಿಸಿ." ಸೇರಿಸುತ್ತಾರೆ. ಮುಂದಿನದು ಗಿಡವಿಲ್ಲದ, ಬರೀ ಪಾಚಿಯ ತೊಟ್ಟಿ.

ಈ ಸಲಹೆಯ ಬೆನ್ನಿಗಿರುವುದು ಗ್ಯಾಲನ್‌ಗೆ ಇಷ್ಟು ವಾಟ್ ಎಂಬ ಹಳೆಯ ಸೂತ್ರ. ನಮ್ಮಲ್ಲಿ ಅದನ್ನು ಲೀಟರ್‌ಗೆ ತಿರುಗಿಸಿ ಹೇಳುವವರೂ ಇದ್ದಾರೆ. ಗ್ಯಾಲನ್‌ಗೆ 1 ವಾಟ್ ಇದ್ದರೆ ಸುಲಭದ ಗಿಡ, 2 ಇದ್ದರೆ ಮಧ್ಯಮ, 3 ದಾಟಿದರೆ ಕಷ್ಟದ ಗಿಡ. ಕೊಳವೆ ದೀಪಗಳ ಕಾಲದಲ್ಲಿ, ಅದೂ ದಪ್ಪನೆಯ ಹಳೆಯ ಟ್ಯೂಬ್‌ಲೈಟುಗಳ ಕಾಲದಲ್ಲಿ ಹುಟ್ಟಿದ ಲೆಕ್ಕ ಇದು. ಆಗ ಎಲ್ಲರ ದೀಪವೂ ಹೆಚ್ಚುಕಡಿಮೆ ಒಂದೇ ತರಹದ್ದು, ಹಾಗಾಗಿ ವಾಟ್ ಲೆಕ್ಕ ಹಿಡಿದರೆ ಬೆಳಕಿನ ಅಂದಾಜು ಸಿಗುತ್ತಿತ್ತು. ಈಗ ಎಲ್‌ಇಡಿ ಬಂದು ಆ ಹೋಲಿಕೆಯೇ ಮುರಿದುಬಿದ್ದಿದೆ. ವಾಟ್ ಎಂದರೆ ದೀಪ ತಿನ್ನುವ ಕರೆಂಟಿನ ಅಳತೆ. ಗಿಡದ ಎಲೆಯ ಮೇಲೆ ಏನು ಬೀಳುತ್ತದೆ ಎಂಬುದನ್ನು ಅದು ಹೇಳುವುದಿಲ್ಲ.

ಲೆಕ್ಕ ಹಾಕಿಯೇ ನೋಡೋಣ. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿ ನಮ್ಮ ಮನೆಗಳಲ್ಲಿ ಸಾಮಾನ್ಯ. ಅದರಲ್ಲಿ ಸುಮಾರು 56 ಲೀಟರ್ ನೀರು, ಅಂದರೆ 15 ಗ್ಯಾಲನ್. 3 ವಾಟ್ ಸೂತ್ರದ ಪ್ರಕಾರ 45 ವಾಟ್ ದೀಪ ಬೇಕು. ಗಿಡ ಬಳಸಬಲ್ಲ ಬೆಳಕನ್ನು ಅಳೆಯುವುದು ಮೈಕ್ರೋಮೋಲ್‌ಗಳಲ್ಲಿ: ಒಂದು ಚದರ ಮೀಟರ್ ಜಾಗದ ಮೇಲೆ ಸೆಕೆಂಡಿಗೆ ಎಷ್ಟು ಬೆಳಕಿನ ಕಣ ಬಿದ್ದವು ಎಂಬ ಎಣಿಕೆ ಅದು. ಹಳೆಯ ಟ್ಯೂಬ್‌ಲೈಟ್ ಒಂದು ವಾಟ್‌ಗೆ ಕೊಡುತ್ತಿದ್ದುದು ಸೆಕೆಂಡಿಗೆ ಸುಮಾರು 0.8 ಮೈಕ್ರೋಮೋಲ್. ಕೊಳವೆಯ ಬೆಳಕು ಸುತ್ತಲೂ ಹರಡಿ ಅರ್ಧ ಪೋಲಾಗುತ್ತದೆ. ಉಳಿದದ್ದು ಆ ತೊಟ್ಟಿಯ ತಳದಲ್ಲಿ ಸುಮಾರು 100 ಮೈಕ್ರೋಮೋಲ್. ಈಗಿನ ಒಳ್ಳೆಯ ಎಲ್‌ಇಡಿ ವಾಟ್‌ಗೆ 2 ಮೈಕ್ರೋಮೋಲ್ ಕೊಡುತ್ತದೆ. ಅದರಲ್ಲೂ ಅರ್ಧ ಪೋಲಾಯಿತೆಂದೇ ಇಟ್ಟುಕೊಂಡರೂ ಅದೇ 45 ವಾಟ್‌ಗೆ 240 ಮೈಕ್ರೋಮೋಲ್ ಆಗುತ್ತದೆ. ಕ್ಯೂಬಾ ಮೂಲದ ಹೆಮಿಯಾಂಥಸ್ ಎಂಬ ಹಾಸುಗಿಡ ಈ ಹವ್ಯಾಸದ ಅತ್ಯಂತ ಹಠಮಾರಿ ಗಿಡಗಳಲ್ಲೊಂದು. ಅದು ಕೂಡ, ಬೇರೆಲ್ಲ ಸರಿಯಿದ್ದರೆ, ತಳದಲ್ಲಿ 50ರಿಂದ 80 ಮೈಕ್ರೋಮೋಲ್ ಇದ್ದರೆ ಹಾಯಾಗಿ ಹರಡಿಕೊಳ್ಳುತ್ತದೆ. ಸೂತ್ರವನ್ನು ನಂಬಿದವರು ಬೇಕಾದ್ದಕ್ಕಿಂತ ಮೂರು ನಾಲ್ಕು ಪಟ್ಟು ಬೆಳಕನ್ನು ತಾವೇ ದುಡ್ಡು ಕೊಟ್ಟು ತಂದು ಪಾಚಿಗೆ ಬಡಿಸುತ್ತಿದ್ದಾರೆ.

ಆದರೆ ಸೂತ್ರವನ್ನು ಸರಿಪಡಿಸಿ, ವಾಟ್ ಬಿಟ್ಟು ಮೈಕ್ರೋಮೋಲ್ ಹಿಡಿದರೆ ಎಲ್ಲ ಸರಿಹೋಯಿತು ಎಂದು ಹೇಳುವುದಕ್ಕೂ ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಓದಿಕೊಂಡ ಹವ್ಯಾಸಿಗಳು ಎಡವುವುದು ಇಲ್ಲೇ. ಅವರು ಮೀಟರ್ ತರಿಸುತ್ತಾರೆ, ತೊಟ್ಟಿಯ ಮೂಲೆ ಮೂಲೆಯಲ್ಲಿ ಅಳೆಯುತ್ತಾರೆ, ಆದರೂ ಕಷ್ಟದ ಗಿಡ ಎಂದರೆ ಬೆಳಕಿಗೆ ಹಸಿದ ಗಿಡ ಎಂಬ ನಂಬಿಕೆಯನ್ನು ಬಿಡುವುದಿಲ್ಲ. ಆ ಗಿಡಗಳ ಹಸಿವು ಬಹುಪಾಲು ಇಂಗಾಲದ್ದು.

ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಗಾಳಿಗೆ ತೆರೆದಿಟ್ಟ ನೀರಿನಲ್ಲಿ ತಾನಾಗಿ ಕರಗಿ ನಿಲ್ಲುವುದು ಲೀಟರ್‌ಗೆ ಅರ್ಧ ಮಿಲಿಗ್ರಾಂನ ಆಸುಪಾಸು. ಎಲೆಯ ಸುತ್ತ ಅಲುಗಾಡದ ನೀರಿನ ತೆಳು ಪದರವೊಂದು ಅಂಟಿಕೊಂಡಿರುತ್ತದೆ. ಆ ಅರ್ಧ ಮಿಲಿಗ್ರಾಂ ಅದನ್ನು ದಾಟಿ ಬರಬೇಕು. ದೀಪ ಜೋರಾದಷ್ಟೂ ಎಲೆಯೊಳಗಿನ ಯಂತ್ರ ವೇಗವಾಗಿ ತಿರುಗುತ್ತದೆ, ಆದರೆ ಅದಕ್ಕೆ ಬೇಕಾದ ಇಂಗಾಲ ಬರುವುದು ಅದೇ ನಿಧಾನದಲ್ಲಿ. ಕಾಳು ಹಾಕದೆ ಗಿರಣಿ ಓಡಿಸಿದರೆ ಕಲ್ಲಿಗೆ ಕಲ್ಲು ಉಜ್ಜಿ ಸವೆಯುತ್ತದೆ. ಎಲೆಯಲ್ಲೂ ಅದೇ ನಡೆಯುತ್ತದೆ. ಬಳಕೆಯಾಗದ ಬೆಳಕಿನ ಶಕ್ತಿ ಜೀವಕೋಶವನ್ನೇ ಸುಡುತ್ತದೆ. ಎಲೆ ಬಿಳಿಚಿಕೊಂಡು ಸೋಲುತ್ತದೆ, ಸೋತ ಎಲೆಯ ಮೇಲೆ ಪಾಚಿ ಬಂದು ಕೂರುತ್ತದೆ. ಪಾಚಿಯ ಎಳೆಗಳು ಅತಿ ತೆಳುವಾದ್ದರಿಂದ ಅವುಗಳಿಗೆ ಇಷ್ಟೇ ಇಂಗಾಲ ಸಾಕು. ಗಿಡಕ್ಕೆ ಊಟವಿಲ್ಲದ ಹೊತ್ತಿನಲ್ಲಿ ಬೆಳಕು ಹೆಚ್ಚಿಸಿದರೆ ಲಾಭ ಆಗುವುದು ಪಾಚಿಗೇ.

ನಮ್ಮ ಕೆರೆಗಳ ಹೈಡ್ರಿಲ್ಲಾ ಮತ್ತು ವ್ಯಾಲಿಸ್ನೇರಿಯಾ ಯಾವ ಬೋರ್‌ವೆಲ್ ನೀರಿನಲ್ಲೂ ಯಾಕೆ ನಗುನಗುತ್ತ ಬೆಳೆಯುತ್ತವೆ? ಅವಕ್ಕೆ ಬೆಳಕು ಕಡಿಮೆ ಸಾಕು ಎಂದಲ್ಲ. ಬಿಸಿಲಿಗೆ ಬಿಟ್ಟರೆ ಅವು ಇನ್ನೂ ಸೊಕ್ಕಿ ಬೆಳೆಯುತ್ತವೆ. ಗಡಸು ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟ್‌ನಿಂದ ಇಂಗಾಲ ಕಿತ್ತುಕೊಳ್ಳುವ ವಿದ್ಯೆ ಅವುಗಳಿಗೆ ಗೊತ್ತು. ಟೋನಿನಾ, ಎರಿಯೊಕಾಲಾನ್‌ನಂತಹ ಮೆದು ನೀರಿನ ಗಿಡಗಳಿಗೆ ಆ ವಿದ್ಯೆ ಇಲ್ಲ. ಕರಗಿದ ಅನಿಲ ನೇರವಾಗಿ ಸಿಗದಿದ್ದರೆ ಅವು ಉಪವಾಸ. ಅಂಗಡಿಯ ಚೀಟಿಯಲ್ಲಿ ಸುಲಭ, ಕಷ್ಟ ಎಂದು ಗಿಡಗಳನ್ನು ಬೇರ್ಪಡಿಸಿರುವ ಗೆರೆ ಹೆಚ್ಚಾಗಿ ಹಾದುಹೋಗುವುದು ಇಲ್ಲಿ. ಆ ಗೆರೆಯನ್ನು ಬೆಳಕಿನ ಗೆರೆ ಎಂದು ಓದಿದ್ದೇ ಎಲ್ಲ ಅನರ್ಥಕ್ಕೆ ಮೂಲ.

ಇದು ನನ್ನ ಊಹೆಯಲ್ಲ. ಡೆನ್ಮಾರ್ಕಿನಲ್ಲಿ ಓಲೆ ಪೆಡರ್ಸನ್, ಕ್ಲಾಸ್ ಕ್ರಿಸ್ಟೆನ್ಸನ್ ಮತ್ತು ಟ್ರೋಲ್ಸ್ ಆಂಡರ್ಸನ್ ರಿಕ್ಸಿಯಾ ಎಂಬ ಪುಟ್ಟ ಜಲಸಸ್ಯವನ್ನು ಬೇರೆ ಬೇರೆ ಬೆಳಕು, ಬೇರೆ ಬೇರೆ ಪ್ರಮಾಣದ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಬೆಳೆಸಿ ನೋಡಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೆಳಕು ಮಂದವಾಗಿಯೇ ಇದ್ದಾಗಲೂ ಅನಿಲ ಹೆಚ್ಚಿಸಿದರೆ ಬೆಳವಣಿಗೆ ಹಲವು ಪಟ್ಟು ಏರಿತು. ಇಂಗಾಲ ಸುಲಭವಾಗಿ ಸಿಕ್ಕಾಗ ಅದನ್ನು ಹಿಡಿಯುವ ಕೆಲಸಕ್ಕೆ ಗಿಡ ಹೆಚ್ಚು ಶಕ್ತಿ ವ್ಯಯಿಸಬೇಕಾಗಿಲ್ಲ. ಉಳಿದ ಶಕ್ತಿಯಲ್ಲಿ ಅದು ಹೆಚ್ಚು ಹರಿತ್ತು ಕಟ್ಟಿಕೊಂಡು, ಇರುವಷ್ಟೇ ಬೆಳಕನ್ನು ಇನ್ನೂ ಚೆನ್ನಾಗಿ ಬಳಸುತ್ತದೆ. ಬೇರೆ ಯಾವ ಬದಲಾವಣೆಗೂ ಮೊದಲು ಅನಿಲ ಕೊಟ್ಟು ನೋಡಿ ಎಂಬುದು ಅವರ ಸಲಹೆ. ಇದು ಹೊರಬಿದ್ದು ಎರಡು ದಶಕಕ್ಕೂ ಹೆಚ್ಚಾಯಿತು. ಇಷ್ಟು ಹೊತ್ತಿಗೆ ಅದು ಪ್ರತಿಯೊಂದು ಗಿಡದಂಗಡಿಯ ಗೋಡೆಯ ಮೇಲಿರಬೇಕಿತ್ತು.

ನೀವೇ ಮನೆಯಲ್ಲಿ ಕಾಣಬಹುದಾದ ಸಾಕ್ಷಿಯೂ ಇದೆ. ಅರ್ಧ ನೀರು ಬದಲಿಸಿದ ದಿನ, ಅದರಲ್ಲೂ ಆಗಷ್ಟೇ ಎತ್ತಿದ ಬೋರ್‌ವೆಲ್ ನೀರು ಹಾಕಿದ ದಿನ, ಗಂಟೆಯೊಳಗೆ ಗಿಡಗಳ ತುದಿಯಿಂದ ಸಣ್ಣ ಗುಳ್ಳೆಗಳ ಸಾಲು ಏಳತೊಡಗುತ್ತದೆ. ದೀಪ ಅದೇ, ಗೊಬ್ಬರ ಅದೇ. ನೆಲದಾಳದ ನೀರಿನಲ್ಲಿ ಕರಗಿದ್ದ ಕಾರ್ಬನ್ ಡೈಆಕ್ಸೈಡ್ ಜೊತೆಗೆ ಬಂದಿದೆ. ಒತ್ತಡದಲ್ಲಿ ಕರಗಿದ್ದ ಬೇರೆ ಗಾಳಿಯೂ ಒಂದಿಷ್ಟು ಗುಳ್ಳೆಯಾಗುತ್ತದೆ, ನಿಜ. ಆದರೆ ಎಲೆ ಕಿತ್ತ ಜಾಗದಿಂದ ಎಡೆಬಿಡದೆ ಹೊರಡುವ ಎಳೆಯಂತಹ ಸಾಲು ಗಿಡ ಬಿಡುತ್ತಿರುವ ಆಮ್ಲಜನಕವೇ. ಮರುದಿನ ಆ ಅನಿಲ ಹಾರಿಹೋಗಿರುತ್ತದೆ, ಗುಳ್ಳೆಯೂ ನಿಂತಿರುತ್ತದೆ. ಆ ಒಂದು ದಿನ ಗಿಡಕ್ಕೆ ಸಿಕ್ಕಿದ್ದು ಏನು, ಮರುದಿನ ತಪ್ಪಿದ್ದು ಏನು ಎಂದು ಯೋಚಿಸಿದವರು ಎರಡನೇ ದೀಪ ಕೊಳ್ಳಲು ಹೋಗುವುದಿಲ್ಲ.

ಇನ್ನು ಬಣ್ಣದ ಮಾತು. ಬರೀ ಕೆಂಪು, ನೀಲಿ ಎಲ್‌ಇಡಿ ಬೀಜಗಳನ್ನು ಜೋಡಿಸಿದ ನೇರಳೆ ದೀಪವನ್ನು ಗಿಡದ ದೀಪ ಎಂದು ಮಾರುತ್ತಾರೆ. ಹಸಿರು ಬೆಳಕನ್ನು ಗಿಡ ಬಳಸುವುದಿಲ್ಲ, ಅದಕ್ಕೇ ಎಲೆ ಹಸಿರು ಕಾಣುವುದು ಎಂಬ ಪಾಠ ಬೇರೆ. ಎಲೆಯಿಂದ ಹರಿತ್ತನ್ನು ಹಿಂಡಿ ತೆಗೆದು ದ್ರಾವಣದಲ್ಲಿ ಅಳೆದಾಗ ಬರುವ ಗ್ರಾಫ್ ನೋಡಿ ಹುಟ್ಟಿದ ತಪ್ಪು ಇದು. ಇಡೀ ಎಲೆ ಹಾಗೆ ವರ್ತಿಸುವುದಿಲ್ಲ. 1972ರಲ್ಲಿ ಕೀತ್ ಮೆಕ್‌ಕ್ರೀ 22 ಬೆಳೆಗಳ ಎಲೆಗಳ ಮೇಲೆ ಬಣ್ಣ ಬಣ್ಣದ ಬೆಳಕು ಬಿಟ್ಟು ದ್ಯುತಿಸಂಶ್ಲೇಷಣೆಯನ್ನು ಅಳೆದರು. 400ರಿಂದ 700 ನ್ಯಾನೋಮೀಟರ್ ವರೆಗಿನ ಎಲ್ಲ ಬೆಳಕೂ ಎಲೆಗೆ ಉಪಯೋಗಕ್ಕೆ ಬರುತ್ತದೆ, ಹಸಿರು ಕೂಡ ಗಣನೀಯವಾಗಿ, ಎಂಬುದು ಅವರ ಅಳತೆಯಿಂದ ಖಚಿತವಾಯಿತು. ಇಂದಿಗೂ ಗಿಡದ ಬೆಳಕನ್ನು ಅಳೆಯುವ ಮೀಟರುಗಳು ಅದೇ ವ್ಯಾಪ್ತಿಯನ್ನು ಎಣಿಸುತ್ತವೆ. ಒಳ್ಳೆಯ ಬಿಳಿ ಎಲ್‌ಇಡಿಯಲ್ಲಿ ಗಿಡಕ್ಕೆ ಬೇಕಾದ ಬಣ್ಣಗಳೆಲ್ಲ ಇವೆ. ಆಳದಲ್ಲಿ ನೀರು ಕೆಂಪನ್ನು ನುಂಗಿಬಿಡುತ್ತದೆ ಎಂದು ಹೆದರಿಸುವವರಿಗೂ ಉತ್ತರವಿದೆ: ಸಮುದ್ರದಲ್ಲಿ ಅದು ನಿಜ, ಒಂದೂವರೆ ಅಡಿ ತಿಳಿನೀರಿನಲ್ಲಿ 660 ನ್ಯಾನೋಮೀಟರ್‌ನ ಕೆಂಪು ಬೆಳಕು ಕಳೆದುಕೊಳ್ಳುವುದು ಸುಮಾರು ಆರನೇ ಒಂದು ಭಾಗ, ಅಷ್ಟೇ.

ಕೆಂಪು ಬೀಜ ಹೆಚ್ಚಿರುವ ದೀಪದ ಕೆಳಗೆ ಕೆಂಪು ಗಿಡ ಇನ್ನೂ ಕೆಂಪಾಗಿ ಕಾಣುತ್ತದೆ ಎಂಬುದು ಸುಳ್ಳಲ್ಲ. ನೋಡಲು ಚೆನ್ನಾಗಿದೆ ಎಂದು ಅಂತಹ ದೀಪ ಕೊಂಡರೆ ನನ್ನ ತಕರಾರಿಲ್ಲ. ಆದರೆ ಅಲ್ಲಿ ಬದಲಾದದ್ದು ನಮ್ಮ ಕಣ್ಣಿಗೆ ಬೀಳುವ ಬಣ್ಣ. ಗಿಡ ತನ್ನೊಳಗೆ ಕೆಂಪು ಕಟ್ಟಿಕೊಂಡಿದೆಯೇ ಎಂದು ತಿಳಿಯಲು ಒಂದು ಟೊಂಗೆ ಕತ್ತರಿಸಿ ಕಿಟಕಿಯ ಬೆಳಕಿನಲ್ಲಿ ಹಿಡಿದು ನೋಡಬೇಕು. ಡಬ್ಬಿಯ ಮೇಲಿನ 6500 ಕೆಲ್ವಿನ್ ಎಂಬ ಸಂಖ್ಯೆಯೂ ಇದೇ ಜಾತಿಯದು. ಬೆಳಕು ಮನುಷ್ಯರ ಕಣ್ಣಿಗೆ ಎಷ್ಟು ತಂಪಾಗಿ, ಎಷ್ಟು ಬೆಚ್ಚಗೆ ತೋರುತ್ತದೆ ಎಂಬುದಷ್ಟೇ ಅದು; ಗಿಡಕ್ಕೆ ಸಿಗುವ ಊಟದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಎದುರಾಳಿಗಳ ಗಟ್ಟಿ ವಾದವೊಂದಿದೆ, ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ. ಪ್ರಕೃತಿಯಲ್ಲಿ ಈ ಗಿಡಗಳಿಗೆ ಸೂರ್ಯನ ಬೆಳಕು ಸಿಗುತ್ತದೆ, ನಡುಮಧ್ಯಾಹ್ನದ ಬಿಸಿಲು 2000 ಮೈಕ್ರೋಮೋಲ್ ಮುಟ್ಟುತ್ತದೆ, ನಮ್ಮ ದೀಪಗಳೆಲ್ಲ ಅದರ ಮುಂದೆ ಏನೇನೂ ಅಲ್ಲ ಎನ್ನುತ್ತಾರೆ. ಹಾಗಾದರೆ ಆ ಗಿಡಗಳ ತವರನ್ನೇ ನೋಡೋಣ. ರೊಟಾಲಾ ಮ್ಯಾಕ್ರಾಂಡ್ರಾಕ್ಕೆ ದಕ್ಷಿಣ ಭಾರತವೇ ತವರು. ಜಗತ್ತಿನ ಎಲ್ಲ ಅಕ್ವೇರಿಯಂಗಳಲ್ಲಿ ಬಾಳುವ ಕ್ರಿಪ್ಟೊಕೊರೈನ್ ಮತ್ತು ಲ್ಯಾಜೆನಾಂಡ್ರಾಗಳ ಹಲವು ಜಾತಿಗಳು ಪಶ್ಚಿಮ ಘಟ್ಟದ ಹಳ್ಳಗಳಲ್ಲಿವೆ. ಮಳೆಗಾಲ ಮುಗಿಯುವ ಹೊತ್ತಿಗೆ ಮಲೆನಾಡಿನ ಯಾವುದಾದರೂ ಹಳ್ಳದ ದಡದಲ್ಲಿ ಕೂತರೆ ಕಾಣುತ್ತದೆ: ಮೇಲೆ ಮರಗಳ ಚಪ್ಪರ, ಅದರ ಮೇಲೆ ಮೋಡ, ನೀರಿಗಿಳಿಯುವ ಬಿಸಿಲು ತುಂಡು ತುಂಡು. ಬಯಲಿನಲ್ಲಿ ಬೆಳೆಯುವವು ಎಷ್ಟೋ ಸಲ ತಲೆಯನ್ನು ನೀರಿನಿಂದ ಹೊರಗಿಟ್ಟು ಗಾಳಿಯಿಂದಲೇ ಇಂಗಾಲ ತೆಗೆದುಕೊಳ್ಳುತ್ತವೆ. ಮುಳುಗಿರುವ ಗಿಡಗಳಿಗೆ ನೆಲದಡಿಯಿಂದ ಜಿನುಗಿ ಬರುವ ನೀರು, ಕೊಳೆಯುವ ಎಲೆಗಳ ಹಾಸು ಎರಡೂ ಎಡೆಬಿಡದೆ ಕಾರ್ಬನ್ ಡೈಆಕ್ಸೈಡ್ ಒದಗಿಸುತ್ತಲೇ ಇರುತ್ತವೆ. ಹೊಳೆ, ಹಳ್ಳಗಳ ನೀರಿನಲ್ಲಿ ಈ ಅನಿಲ ಗಾಳಿಯ ಸಮತೋಲಕ್ಕಿಂತ ಹಲವು ಪಟ್ಟು ಹೆಚ್ಚಿರುವುದು ಸಾಮಾನ್ಯ ಸಂಗತಿ. ಸೂರ್ಯನನ್ನು ಸಾಕ್ಷಿಗೆ ಕರೆದವರು ಹಳ್ಳದ ನೀರನ್ನೂ ಕರೆಯಬೇಕಲ್ಲ?

ಅವರು ಕರೆಯುವ ಇನ್ನೊಂದು ಸಾಕ್ಷಿ ತಕಾಶಿ ಅಮಾನೊ ಅವರ ತೊಟ್ಟಿಗಳು. ಜಪಾನಿನ ನೀಗಾತದಲ್ಲಿ ಹುಟ್ಟಿದ ಅಮಾನೊ (1954–2015) ತೊಟ್ಟಿಯಲ್ಲಿ ಗಿಡ ಬೆಳೆಸುವ ಕಲೆಗೆ ಜಗತ್ತಿನಾದ್ಯಂತ ಗೌರವ ತಂದವರು. ಲಿಸ್ಬನ್ನಿನ ಓಶಿಯನೇರಿಯಂಗಾಗಿ ಮಾಡಿದ 40 ಮೀಟರ್ ಉದ್ದದ ಅವರ ಕೊನೆಯ ದೊಡ್ಡ ರಚನೆಯ ಚಿತ್ರಗಳನ್ನು ನೋಡಿದ ಯಾರೂ ಅದನ್ನು ಮರೆಯುವುದಿಲ್ಲ. ತೊಟ್ಟಿಯ ಮೇಲೆ ನೇತಾಡುವ ಮೆಟಲ್ ಹಾಲೈಡ್ ದೀಪ ಅವರ ಗುರುತೇ ಆಗಿಬಿಟ್ಟಿತ್ತು. ನಾವೆಲ್ಲ ಚಿತ್ರದಲ್ಲಿ ಕಾಣುವ ದೀಪವನ್ನು ನೋಡಿದೆವು. ಚೌಕಟ್ಟಿನ ಹೊರಗಿದ್ದ ಸಿಲಿಂಡರ್ ನೋಡಲಿಲ್ಲ. ನೀರಿನ ತೊಟ್ಟಿಗೆ ಕಾರ್ಬನ್ ಡೈಆಕ್ಸೈಡ್ ಕೊಡುವ ಪದ್ಧತಿಯನ್ನು ಹವ್ಯಾಸಿಗಳಿಗೆ ಕಲಿಸಿದವರಲ್ಲಿ ಅವರೇ ಮುಂಚೂಣಿಯವರು. ಪೋಷಕಾಂಶ ತುಂಬಿದ ಮಣ್ಣು, ಬಿಡದೆ ನಡೆಯುವ ನೀರು ಬದಲಾವಣೆ, ಕತ್ತರಿ ಹಿಡಿದ ನುರಿತ ಕೈಗಳು, ಇಷ್ಟೆಲ್ಲ ಆ ದೀಪದ ಹಿಂದಿದ್ದವು. ಅವರ ಹೆಸರು ಹೇಳಿ ದೀಪವೊಂದನ್ನೇ ಮಾರುವುದು ಅವರಿಗೆ ಮಾಡುವ ಅನ್ಯಾಯ.

ಬೆಳಕೇ ಮುಖ್ಯವಲ್ಲ ಎಂದು ನಾನು ಹೇಳುತ್ತಿಲ್ಲ. ತೀರಾ ಮಂದವಾದರೆ ಕಾಂಡದ ಕೆಳಗಿನ ಎಲೆಗಳು ಉದುರುತ್ತವೆ, ಗೆಣ್ಣುಗಳ ನಡುವೆ ಅಂತರ ಹೆಚ್ಚುತ್ತದೆ, ಹಾಸುಗಿಡ ನೆಲ ಬಿಟ್ಟು ಬೆಳಕು ಹುಡುಕುತ್ತದೆ. ಅನಿಲ, ಗೊಬ್ಬರ, ನೀರಿನ ಓಟ ಎಲ್ಲವೂ ಹದವಾಗಿರುವ ತೊಟ್ಟಿಗೆ ಹೆಚ್ಚು ಬೆಳಕು ಕೊಟ್ಟರೆ ಬಣ್ಣ ಗಾಢವಾಗುತ್ತದೆ, ಗಿಡ ಒತ್ತಾಗುತ್ತದೆ. ಅಂತಹ ತೊಟ್ಟಿಯಲ್ಲಿ ವಾರ ವಾರ ಕತ್ತರಿ ಹಿಡಿಯಬೇಕು, ಗೊಬ್ಬರ ಒಂದು ದಿನ ತಪ್ಪಿದರೂ ಗೊತ್ತಾಗುತ್ತದೆ. ಬಿಡುವಿರುವವರು ಖಂಡಿತ ಮಾಡಲಿ. ಕೆಲಸಕ್ಕೆ ಹೋಗಿ ಬಂದು ರಾತ್ರಿ ಒಂದು ಗಂಟೆ ತೊಟ್ಟಿಯ ಮುಂದೆ ಕೂರುವವರಿಗೆ ಅದನ್ನು ಮೊದಲ ಮೆಟ್ಟಿಲೆಂದು ತೋರಿಸುವುದನ್ನು ನಾನು ವಿರೋಧಿಸುತ್ತೇನೆ. ಗೊಬ್ಬರದ ಲೆಕ್ಕಾಚಾರಕ್ಕೆ ಹೆಸರಾದ ಅಮೆರಿಕದ ಟಾಮ್ ಬಾರ್ ಕೂಡ ವರ್ಷಗಳಿಂದ ಇದನ್ನೇ ಹೇಳುತ್ತ ಬಂದಿದ್ದಾರೆ: ಬೆಳಕು ಕಡಿಮೆಯಿದ್ದಷ್ಟೂ ಉಳಿದೆಲ್ಲದರಲ್ಲಿ ನಮ್ಮ ತಪ್ಪುಗಳನ್ನು ತೊಟ್ಟಿ ತಾಳಿಕೊಳ್ಳುತ್ತದೆ.

ಹಾಗಾದರೆ ದೀಪವನ್ನು ಆರಿಸುವುದು ಹೇಗೆ? ಮೊದಲು ದುಡ್ಡನ್ನು ಸಿಲಿಂಡರ್, ರೆಗ್ಯುಲೇಟರ್, ಟೈಮರ್‌ಗೆ ಎತ್ತಿಡಿ. ಕೈಗಾರಿಕೆಗೆ ಅನಿಲ ಒದಗಿಸುವವರು ಸಿಲಿಂಡರ್ ತುಂಬಿಕೊಡುತ್ತಾರೆ. ಸಕ್ಕರೆ ಮತ್ತು ಯೀಸ್ಟ್ ಬಾಟಲಿ ಚಿಕ್ಕ ತೊಟ್ಟಿಗೆ ನಡೆಯುತ್ತದೆ, ಆದರೆ ಇಂದು ಜೋರು, ನಾಳೆ ನಿಧಾನ. ಕಪ್ಪು ಕುಚ್ಚಿನ ಪಾಚಿಗೆ ಆ ಏರುಪೇರೇ ಇಷ್ಟ. ದೀಪ ಹೊತ್ತುವ ಒಂದೆರಡು ಗಂಟೆ ಮೊದಲೇ ಅನಿಲ ಶುರುವಾಗಬೇಕು, ರಾತ್ರಿ ನಿಲ್ಲಬೇಕು. ಗಾಜಿಗೆ ಅಂಟಿಸುವ ಡ್ರಾಪ್ ಚೆಕರ್‌ನಲ್ಲಿ ನೀಲಿ ಇದ್ದರೆ ಅನಿಲ ಸಾಲದು, ತಿಳಿಹಸಿರು ಎಂದರೆ ಲೀಟರ್‌ಗೆ 30 ಮಿಲಿಗ್ರಾಂನ ಆಸುಪಾಸು, ಹಳದಿಗೆ ತಿರುಗಿದರೆ ಅಪಾಯ. ಅದರ ಬಣ್ಣ ಬದಲಾಗಲು ಒಂದೆರಡು ಗಂಟೆ ಹಿಡಿಯುತ್ತದೆ, ಆದ್ದರಿಂದ ಮೀನುಗಳ ಮೇಲೂ ಕಣ್ಣಿರಲಿ. ಅವು ಮೇಲಕ್ಕೆ ಬಂದು ಬಾಯಿ ತೆರೆದು ಒದ್ದಾಡಿದರೆ ತಕ್ಷಣ ಅನಿಲ ನಿಲ್ಲಿಸಿ ನೀರನ್ನು ಕದಡಬೇಕು. ಗಿಡದ ಆಸೆಗೆ ಮೀನಿನ ಉಸಿರು ಕಟ್ಟಿಸುವ ಹಕ್ಕು ಯಾರಿಗೂ ಇಲ್ಲ.

ಇಷ್ಟಾದ ಮೇಲೆ ದೀಪ. ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ವಾಟ್ ಎಂದಲ್ಲ, ಬೆಳಕನ್ನು ತಗ್ಗಿಸಬಹುದೇ ಎಂದು. ಡಿಮ್ಮರ್ ಇಲ್ಲದ ದೀಪ ಎಷ್ಟೇ ಒಳ್ಳೆಯದಾದರೂ ಬೇಡ. ಅಥವಾ ಮೇಲಕ್ಕೆ ಕೆಳಕ್ಕೆ ಎಳೆಯಲು ಬರುವಂತೆ ತೂಗುಹಾಕಲು ಆಗಬೇಕು. ಎರಡನೆಯ ಪ್ರಶ್ನೆ ಹರಡುವಿಕೆಯದು: ಅಗಲದ ತೊಟ್ಟಿಗೆ ಸಪೂರ ಪಟ್ಟಿ ಹಾಕಿದರೆ ನಡುವೆ ಉರಿ, ಮೂಲೆಯಲ್ಲಿ ಕತ್ತಲು. ಮೈಕ್ರೋಮೋಲ್ ಮೀಟರ್ ದುಬಾರಿ. ಬಿಳಿ ಎಲ್‌ಇಡಿಯಾದರೆ ಅಗ್ಗದ ಲಕ್ಸ್ ಮೀಟರ್ ಸಾಕು: ನೀರು ತುಂಬುವ ಮೊದಲು ತಳದಲ್ಲಿಟ್ಟು ಅಳೆದು, ಬಂದ ಅಂಕಿಯನ್ನು 70ರಿಂದ ಭಾಗಿಸಿದರೆ ಅಂದಾಜು ಮೈಕ್ರೋಮೋಲ್ ಸಿಗುತ್ತದೆ. ಕೆಂಪು, ನೀಲಿ ಬೀಜ ಬೆರೆತ ದೀಪಕ್ಕೆ ಈ ಲೆಕ್ಕ ನಡೆಯದು, ಏಕೆಂದರೆ ಲಕ್ಸ್ ಮೀಟರ್ ಮನುಷ್ಯರ ಕಣ್ಣಿನಂತೆ ಹಸಿರಿಗೇ ಹೆಚ್ಚು ಅಂಕ ಕೊಡುತ್ತದೆ.

ಗಿಡ ನೆಟ್ಟ ಮೊದಲ ದಿನಗಳಲ್ಲಿ ತಳದಲ್ಲಿ 40 ಮೈಕ್ರೋಮೋಲ್, ದಿನಕ್ಕೆ 6 ಗಂಟೆ. ಉಷ್ಣವಲಯದಲ್ಲಿ ಹಗಲು 12 ಗಂಟೆ ಎಂದು ದೀಪವನ್ನೂ 12 ಗಂಟೆ ಉರಿಸಬೇಡಿ; ಸೂರ್ಯ ಬೆಳಗ್ಗೆ ಸಂಜೆ ಮಂದವಾಗಿರುತ್ತಾನೆ, ದೀಪ ಹಾಗಿರುವುದಿಲ್ಲ. ಹೊಸ ಎಲೆ ಹಳೆಯದಕ್ಕಿಂತ ದೊಡ್ಡದಾಗಿ ಬರುತ್ತಿದೆಯೇ, ಕಾಂಡದ ಬುಡ ಗಟ್ಟಿಯಿದೆಯೇ, ವಾರವಾದರೂ ಗಾಜು ತಿಳಿಯಾಗಿದೆಯೇ ನೋಡಿ. ಮೂರಕ್ಕೂ ಹೌದು ಎಂದಾದರೆ ಡಿಮ್ಮರನ್ನು ಸ್ವಲ್ಪ ಏರಿಸಿ ಮತ್ತೆ ಎರಡು ಮೂರು ವಾರ ಕಾಯಿರಿ. ಒಂದಕ್ಕೆ ಇಲ್ಲ ಎಂದಾದರೂ ದೀಪಕ್ಕೆ ಕೈ ಹಾಕದೆ ಡ್ರಾಪ್ ಚೆಕರ್‌ನ ಬಣ್ಣ ನೋಡಿ.